ಕರಿ ಕೋಟಿನ ಗುಂಡಿ

ಟೂಂಗಾಬಿ, ಸಿಡ್ನಿ
ಭಾನುವಾರ, 15 ಜೂನ್ 2025

ಪ್ರೀತಿಯ ಸೆಡ್ರಿಕ್ ಅಣ್ಣ,

ನಿನ್ನ ಮಂಡಿನೋವು ಹೇಗಿದೆ? ಮೆಲ್ಬರ್ನ್ ಚಳಿಗೆ ಅದು ಸುಮ್ಮನಿರುವುದಿಲ್ಲವೆಂದು ಗೊತ್ತು. ಆಲಿಸ್ ಅತ್ತಿಗೆ ಎಣ್ಣೆ ಬಿಸಿ ಮಾಡಿ ಕೊಟ್ಟರೆ ಬೇಡ ಅನ್ನಬೇಡ. ಟ್ರುಗನಿನಾದ ಗೋದಾಮಿನಲ್ಲಿ ಇಡೀ ದಿನ ನಿಂತೇ ಇರುತ್ತೀಯಂತೆ. ಐವತ್ತು ದಾಟಿದರೂ ನಿನಗೆ ಬುದ್ಧಿ ಬರಲಿಲ್ಲ. ಮನೆಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ ಎಂಬ ಪಪ್ಪನ ಕಟ್ಟಳೆಯಂತೆಯೇ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಹೇಳಿದ್ದರೆ ನೀನು ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆ.

ಸುದ್ದಿ ಏನೆಂದರೆ, ನಾನೀಗ ಇಲ್ಲಿಯ ಒಂದು ಯೂನಿವರ್ಸಿಟಿಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಕೋಚ್. ನಗಬೇಡ. ಆಸ್ಪತ್ರೆ ಡ್ಯೂಟಿ ಮುಗಿಸಿ ವಾರಕ್ಕೆರಡು ಸಂಜೆ ಹೋಗುತ್ತೇನೆ. ಮೊದಲ ದಿನವೇ ಪಪ್ಪನ ಡಿಫೆನ್ಸನ್ನು ಎತ್ತಿ ತಂದು ಈ ಮಕ್ಕಳ ಮೇಲೆ ಹೇರಿದೆ: ನಮ್ಮ ಮೂವರು ಎದುರಾಳಿಗಳ ಬೆನ್ನು ಬಿಡಬಾರದು, ಅವರ ಹಿಂದೆ ಒಬ್ಬರು ಒಂಟಿಯಾಗಿ ನಿಂತು ತಪ್ಪಿ ಬಂದ ಚೆಂಡನ್ನು ತಡೆಯಬೇಕು. ಪಪ್ಪನ ಕಾಲೇಜು ತಂಡದಲ್ಲಿ ಆ ಒಂಟಿ ಜಾಗ ನಿನ್ನದಾಗಿತ್ತಲ್ಲ. ನೀನು ಓಟದಲ್ಲಿ ನಿಧಾನ, ಅದಕ್ಕೇ ಹಿಂದೆ ಎಂದು ನಾವೆಲ್ಲ ತಿಳಿದಿದ್ದೆವು. ಹಾಗಾಗಿ ನಾನೂ ತಂಡದಲ್ಲೇ ನಿಧಾನದ ಹುಡುಗಿಯನ್ನು ಹುಡುಕಿ ಅಲ್ಲಿ ನಿಲ್ಲಿಸಿದೆ. ಮೂರು ಪಂದ್ಯದಲ್ಲಿ ಹದಿಮೂರು ಗೋಲು ತಿಂದೆವು. ಪಾಪ, ಅವಳು ಅತ್ತುಬಿಟ್ಟಳು.

ಅವತ್ತು ಮನೆಗೆ ಬರುವಾಗ ಟ್ರೈನಿನಲ್ಲಿ ನಿನ್ನದೇ ಯೋಚನೆ. ಬೆಂದೂರಿನ ಮನೆಯ ಜಗಲಿ ನೆನಪಿದೆಯೇ? ನಮ್ಮ ಪಪ್ಪ, ಪಿ.ಟಿ. ಮಾಸ್ಟರ್ ಆಲ್ಫೋನ್ಸರು, ಪಂದ್ಯದ ಹಿಂದಿನ ಸಂಜೆ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಮೈದಾನ ಬರೆದು ಕೂರುತ್ತಿದ್ದರು. ಮಮ್ಮಿಯ ಬಿಸ್ಕೆಟ್ ಡಬ್ಬಿಯ ಗುಂಡಿಗಳೇ ಅವರ ಆಟಗಾರರು. ಅಂಗಿ ಗುಂಡಿಗಳೆಲ್ಲ ಉಳಿದವರು, ದೊಡ್ಡ ಕರಿ ಕೋಟಿನ ಗುಂಡಿ ನೀನು. ಅವರು ಕೇಳಿದ್ದನ್ನು ಕೇಳಿದ ಸರದಿಯಲ್ಲಿ ಕೈಗೆ ಕೊಡುವುದು ನನ್ನ ಕೆಲಸ. ಗೆದ್ದ ದಿನ ಇಡೀ ಕಾಲೇಜು ತಂಡ ಅದೇ ಜಗಲಿಯಲ್ಲಿ ಗೋಳಿಬಜೆ ತಿನ್ನುತ್ತಿತ್ತು. ಆ ಗಲಾಟೆ ಈಗಲೂ ನನಗೆ ಬೇಕೆನಿಸುತ್ತದೆ ಅಣ್ಣ. ಆದರೆ ನೆಹರೂ ಮೈದಾನದಲ್ಲಿ ಹುಡುಗರು "ಮಾಸ್ಟರ ಮಗನಿಗೆ ನಿಂತಲ್ಲೇ ಕಪ್ ಸಿಗ್ತದೆ" ಎಂದು ಕಿಚಾಯಿಸುತ್ತಿದ್ದುದು ನಿನ್ನ ಎದೆಯಲ್ಲಿ ಉಳಿದುಬಿಟ್ಟಿತು. ಪಪ್ಪನನ್ನು ಮಣ್ಣು ಮಾಡಿದ ದಿನವೂ ನೀನು ಅದನ್ನೇ ಅಂದೆ: "ನನ್ನನ್ನು ಮೂಲೆಗೆ ತಳ್ಳಿದರು."

ನಮ್ಮ ತಂಡದಲ್ಲಿ ನಿವೇದಿತಾ ಎಂಬ ಮೈಸೂರಿನ ಹುಡುಗಿ ಇದ್ದಾಳೆ. ಬೆಂಚಿನ ಮೇಲೆ ಕೂತು ಬಾಯಿ ಮುಚ್ಚುವವಳಲ್ಲ. "ಆಂಟಿ, ಅವ್ಳು ಲೆಫ್ಟ್‌ಗೇ ಕೊಡ್ತಾಳೆ ನೋಡಿ" ಅನ್ನುತ್ತಾಳೆ, ಚೆಂಡು ಅಲ್ಲಿಗೇ ಹೋಗುತ್ತದೆ. ನೀನೂ ಹೀಗೇ ತಲೆ ತಿನ್ನುತ್ತಿದ್ದೆ. ನಿನ್ನೆ ಅವಳನ್ನು ಆ ಒಂಟಿ ಜಾಗದಲ್ಲಿ ನಿಲ್ಲಿಸಿದೆ. ಚುರುಕಾಗಿ ಓಡುವ ಇಬ್ಬರನ್ನು ಅವಳ ಕೂಗು ಕೇಳುವಷ್ಟು ಹತ್ತಿರಕ್ಕೆ ತಂದೆ. ಅತ್ತವಳನ್ನು ನಡುವೆ ಹಾಕಿದೆ, ಅವಳ ಪಾಸು ತುಂಬ ಚೆನ್ನ. ಗೆಲ್ಲಲಿಲ್ಲ, ಆದರೆ ಒಂದೂ ಗೋಲು ಬಿಡಲಿಲ್ಲ. ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಜಿಲೇಬಿ ಕೊಡಿಸಿದೆ.

ಅತ್ತಿಗೆಗೆ ನಮಸ್ಕಾರ. ನಿನ್ನ ಮಗ ಲಿಯೋನ್ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಸರಿ, ಈ ಅತ್ತೆಗೆ ಒಂದು ಫೋನ್ ಮಾಡಲಿ. ನಿಮ್ಮ ಮನೆಯ ಮೇಲೆ ದೇವರ ಕಣ್ಣಿರಲಿ.

ನಿನ್ನ ತಂಗಿ,
ಆನ್ಸಿಲ್ಲಾ

ತಾ.ಕ.: ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಆ ಕರಿ ಗುಂಡಿ, ಮಮ್ಮಿಯ ಡಬ್ಬಿಯ ಜೊತೆ ನನ್ನ ಬಳಿ ಉಳಿದಿದ್ದು. ಶುಕ್ರವಾರ ಅಡುಗೆಮನೆಯ ಮೇಜಿನ ಮೇಲೆ ಅದೇ ಗುಂಡಿಗಳಿಂದ ತಂಡ ಜೋಡಿಸಲು ಕೂತಾಗ, ನಿವೇದಿತಾಳನ್ನು ಇಡುವತನಕ ಉಳಿದವರನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ. ಆಗ ಪಪ್ಪನ ಮಾತು ನೆನಪಾಯಿತು: "ಮೊದಲು ಕರಿ ಗುಂಡಿ ಕೊಡು." ಪ್ರತಿ ಸಲವೂ ಅಣ್ಣ, ಖಾಲಿ ನೆಲದ ಮೇಲೆ ಮೊದಲು ನೀನು, ಆಮೇಲೆ ಉಳಿದ ಹತ್ತು ಜನ. ಕೈಯಾರೆ ಕೊಟ್ಟವಳು ನಾನು, ನನಗೇ ಇಷ್ಟು ವರ್ಷ ಹೊಳೆಯಲಿಲ್ಲ. 28ರ ಶನಿವಾರ ನಮ್ಮ ಪಂದ್ಯ ಮೆಲ್ಬರ್ನ್‌ನಲ್ಲಿ, ನಿನ್ನ ಮನೆಯಿಂದ ಇಪ್ಪತ್ತು ನಿಮಿಷ. ಗುಂಡಿ ತೆಗೆದುಕೊಂಡು ಬಾ. ಅದಿಲ್ಲದೆ ನಾನು ತಂಡ ಜೋಡಿಸಲಾರೆ.