ನಾಲ್ಕು ಗಂಟೆಗೆ ತುಂಬಿದ್ದ ತೊಟ್ಟಿ

ಗ್ರಾಮೀಣ ವಿದ್ಯುತ್ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಹತ್ತೊಂಬತ್ತು ಮನೆಗಳ ಕರೆಂಟನ್ನು ತಾವು ಕಾಫಿ ಗಿಡಗಳಿಗೆ ಕುಡಿಸಿದ್ದೀರಿ. ಆದೇಶದಲ್ಲಿ ತಮ್ಮ ಸಹಿ ಇದೆ, ಮೊಹರಿದೆ. ನಾಚಿಕೆ ಮಾತ್ರ ಎಲ್ಲೂ ಕಾಣಲಿಲ್ಲ.

ಓದುವವರಿಗೆ ತಿಳಿಯಲೆಂದು ಹೇಳುತ್ತೇನೆ, ತಮಗೆ ತಿಳಿದಿರಬೇಕಿತ್ತು. ಚೆಟ್ಟಳ್ಳಿ ಹತ್ತಿರದ ನಮ್ಮ ಪೈಸಾರಿಗೆ, ಅಂದರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ನಮ್ಮ ಕೇರಿಗೆ, ಇನ್ನೂ ಕರೆಂಟ್ ಕಂಬ ಬಂದಿಲ್ಲ. ಹಗಲು ಸೋಲಾರ್ ಪಂಪು ಕೆರೆಯ ನೀರನ್ನು ಗುಡ್ಡದ ಮೇಲಿನ ತೊಟ್ಟಿಗೆ ಎತ್ತುತ್ತದೆ. ಸಂಜೆ ಆರೂವರೆಗೆ ನಾನು ವಾಲ್ವ್ ತಿರುಗಿಸಿದರೆ ಅದೇ ನೀರು ಪೈಪಿನಲ್ಲಿ ಇಳಿದು, ಟರ್ಬೈನ್ ತಿರುಗಿಸಿ, ಮತ್ತೆ ಕೆರೆ ಸೇರುತ್ತದೆ. ಅದು ಇಳಿಯುವಷ್ಟು ಹೊತ್ತು ನಮಗೆ ಕರೆಂಟು. ಬೇರೆ ಬ್ಯಾಟರಿ ಇಲ್ಲ, ತೊಟ್ಟಿಯೇ ಬ್ಯಾಟರಿ. ಉದ್ಘಾಟನೆಯ ದಿನ ಮೈಕ್ ಹಿಡಿದು ಇದನ್ನೆಲ್ಲ ವಿವರಿಸಿದವರು ತಾವೇ.

ಈ ಮಾರ್ಚಿನಲ್ಲಿ ತಪಾಸಣೆಗೆ ಬಂದಿರಿ, ಸಂಜೆ ನಾಲ್ಕಕ್ಕೆ. ತೊಟ್ಟಿ ತುಂಬಿತ್ತು. ತುಂಬಿರಲೇಬೇಕಲ್ಲ ಸ್ವಾಮಿ! ತಾವು ಬರೆದದ್ದು: "ನೀರು ಬಳಕೆಯಾಗದೆ ನಿಂತಿದೆ." ರಾತ್ರಿಯೂಟಕ್ಕೆ ಮಾಡಿಟ್ಟ ಅನ್ನವನ್ನು ಸಂಜೆ ಕಂಡು, ಯಾರೂ ತಿನ್ನುತ್ತಿಲ್ಲವೆಂದು ಪಕ್ಕದ ಮನೆಗೆ ಕೊಟ್ಟುಬಿಡುತ್ತೀರಾ? ಹಾಗೇ ಮಾಡಿದಿರಿ. ಹೂಮಳೆ ಬಾರದೆ ಒದ್ದಾಡುತ್ತಿದ್ದ ಪಕ್ಕದ ಎಸ್ಟೇಟಿನ ಸ್ಪ್ರಿಂಕ್ಲರಿಗೆ ಆ 'ಹೆಚ್ಚುವರಿ' ನೀರನ್ನು ದಿನಾ ಬಿಡಬೇಕೆಂದು ಆದೇಶವಾಯಿತು. ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ರೈಟರ್ ಆಗಿ ಆಳು-ಲೆಕ್ಕ ಬರೆದವನು ನಾನು. ಹೂ ಬಿಡುವ ಹೊತ್ತಿಗೆ ಮಳೆ ಬಾರದಿದ್ದರೆ ತೋಟದವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಬಲ್ಲೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊಡಲು ಅದೇನು ತಮ್ಮ ಮನೆಯ ನೀರೇ?

ಮೂರನೇ ದಿನ ಸಂಜೆ ಏಳಕ್ಕೆ ಪಕ್ಕದ ಮನೆಯ ಚೋಮಿಗೆ ಉಸಿರು ಕಟ್ಟಿತು. ಆಸ್ತಮಾ. ಮದ್ದಿನ ಹಬೆ ಕೊಡುವ ಮೆಷಿನ್ ಮಂಚದ ಪಕ್ಕದಲ್ಲೇ ಇತ್ತು, ಕರೆಂಟ್ ಇರಲಿಲ್ಲ. ಮಗ ನಿಂಗ ಓಡಿ ಬಂದ. "ರೈಟ್ರೇ, ಒಂದ್ ಹತ್ ನಿಮಿಷ ನೀರ್ ಬಿಡಿ, ಅವ್ವಂಗೆ ಆಗ್ತಾ ಇಲ್ಲ!" ವಾಲ್ವ್ ತಿರುಗಿಸಿದೆ. ಪೈಪಿನಿಂದ ಬರೀ ಗಾಳಿ ಬಂತು. ಜೀಪಿನಲ್ಲಿ ಸಿದ್ದಾಪುರದ ಆಸ್ಪತ್ರೆಗೆ ಹೊರಟರೆ ದಾರಿಯಲ್ಲಿ ಆನೆ. ಮುಕ್ಕಾಲು ಗಂಟೆ ಲೈಟ್ ಆರಿಸಿ ಕೂತೆವು. ಅಷ್ಟು ಹೊತ್ತು ಅವಳು ಎಳೆದ ಒಂದೊಂದು ಉಸಿರೂ ಇನ್ನೂ ನನ್ನ ಕಿವಿಯಲ್ಲಿದೆ. ಬದುಕಿದಳು, ತಮ್ಮ ದಯೆಯಿಂದಲ್ಲ.

ಮರುದಿನ ಕಚೇರಿಗೆ ಬಂದು ಹೇಳಿಕೊಂಡರೆ ತಾವು ಅಂದಿರಿ: "ಹೂವು ನಿಮಗೋಸ್ಕರ ಕಾಯೋದಿಲ್ಲ ಕಣ್ರೀ. ಹದಿನೈದು ದಿನ ಟಾರ್ಚ್ ಇಟ್ಕೊಳ್ಳಿ." ಟಾರ್ಚ್ ಹಿಡಿದು ಉಸಿರಾಡುವುದು ಹೇಗೆಂದು ತೋರಿಸಿಕೊಡಿ ಎಂದೆ. ತಾವು ಮುಂದಿನವರನ್ನು ಒಳಗೆ ಕರೆದಿರಿ. ನನಗೆ ಹೇಸಿಗೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ಆದೇಶ ರದ್ದಾಗಬೇಕು. ಗುಡ್ಡದ ತೊಟ್ಟಿಯ ನೀರು ಕರೆಂಟಿಗೆ ಮಾತ್ರ ಎಂದು ಬರೆದು ಕೊಡಬೇಕು, ಈ ವಾರವೇ. ಚೋಮಿ ಈಗ ಸಿದ್ದಾಪುರದಲ್ಲಿ, ತಂಗಿಯ ಮನೆಯ ಜಗಲಿಯಲ್ಲಿ ಮಲಗುತ್ತಾಳೆ. ದಿನಾ ಸಂಜೆ ಫೋನ್ ಮಾಡಿ, "ರೈಟ್ರೇ, ನಾನ್ ಮನೆಗೆ ಬರ್ಲಾ?" ಎಂದು ಕೇಳುತ್ತಾಳೆ. ಬರಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಅವಳಿಗೆ ತಮ್ಮ ನಂಬರ್ ಕೊಟ್ಟಿದ್ದೇನೆ. ಇನ್ನು ತಾವೇ ಹೇಳಿ.

ಇಂತಿ,
ಖಾಲಿ ತೊಟ್ಟಿಯ ವಾಲ್ವಿಗೆ ದಿನಾ ತಪ್ಪದೆ ಬೀಗ ಹಾಕುವ
ಧರ್ಮೇಶ್