ನೀನು ಕೇಳಿದ ಮೂರು ಗುಟುಕು ಚಹಾ

ಅತ್ಯಾ, ನನ್ನಪ್ಪನ ಅಕ್ಕಾ, ನನ್ನನ್ನು ಸಾಕಿದವಳೇ,

ನೀನು ಇದನ್ನು ಓದುವಂತಿದ್ದರೆ ಕನ್ನಡಕ ಮೂಗಿನ ತುದಿಗಿಳಿಸಿ, "ಎದುರಿಗೆ ಹೇಳಲಿಕ್ಕೆ ಬಾಯಿಲ್ಲಾ ಏನ ನಿನಗ?" ಅನ್ನುತ್ತಿದ್ದೆ. ಇರಲಿಲ್ಲ ಅಂತಲೇ ಇಟ್ಟುಕೋ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ಅಷ್ಟೂ ದಿನ ನನ್ನ ಎದೆಯಲ್ಲಿ ಕೂತದ್ದು ಒಂದೇ ಪ್ರಶ್ನೆ: ನಿನ್ನನ್ನು ಕೊಂದದ್ದು ನನ್ನ ಕೈಯೇ? ಆ ಪ್ರಶ್ನೆಯನ್ನು ಇಬ್ಬರ ಮುಂದೆ ಇಡಬೇಕಾಗಿತ್ತು. ಒಬ್ಬರು ನಮ್ಮ ಓಣಿಯ ಡಾಕ್ಟರ್‌ಬಾಯಿ, ಇನ್ನೊಬ್ಬ ನಿನ್ನ ಮಗ ಬಸು. ಇಬ್ಬರ ಹತ್ತಿರವೂ ಹೋಗಿ ಬಂದೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ನಡುವೆ ಬಾಯಿ ಹಾಕಬೇಡ.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಮರಾಠಿ ಸೀಮೆಯ ಈ ಖಡಕಿಗೆ ಕರೆತಂದು ನಿನ್ನ ಮನೆಯಲ್ಲಿ ಬಿಟ್ಟಾಗ ನನಗೆ ಹನ್ನೊಂದು ವರ್ಷ. ನೀನು ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಕಾರ್ಖಾನೆಯ ಗಂಡಸರ ಪಂಕ್ತಿಯಲ್ಲಿ ನನ್ನನ್ನೂ ಕೂರಿಸಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದೆ. "ಮೊದಲ ಉಣ್ಣು. ಹೊಟ್ಟಿ ತುಂಬಿದಮ್ಯಾಲೆ ಅಳು ಛಲೋ ಬರ್ತದ." ಧಾರವಾಡ, ಗದಗ, ಬೈಲಹೊಂಗಲ ಕಡೆಯಿಂದ ಬಂದು ಮದ್ದುಗುಂಡಿನ ಕಾರ್ಖಾನೆ ಸೇರಿದವರಿಗೆಲ್ಲ ನಿನ್ನ ಖಾನಾವಳಿಯೇ ತವರು. ನಲವತ್ತು ವರ್ಷ ಉಣಿಸಿದೆ. ಬಸುಗೆ ಪೆಟ್ಟು ಕೊಟ್ಟರೂ ಉಣಿಸಿಯೇ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಪ್ರೀತಿಗೆ ಬೇರೆ ಭಾಷೆ ಇರಲಿಲ್ಲ.

ನಿನಗೆ ಎಂಬತ್ತೆರಡು ತುಂಬಿದ ಬೇಸಿಗೆ ನೆನಪಿದೆಯೇ? ನೀನು ಗೋಡೆಗೆ ಒರಗಿ ಕುರ್ಚಿಯ ಮೇಲೆ ಕೂತು ಪಂಕ್ತಿಯವರ ಜೊತೆಗೇ ಉಣ್ಣುತ್ತಿದ್ದೆ. ಸಾರು ಬಾಯಿಗಿಟ್ಟರೆ ಕೆಮ್ಮು. ನೀರು ಕುಡಿದರೆ ಕೆಮ್ಮು. ನಾವು ಮಾಡಿದ್ದೇನು? ಓಡಿಬಂದು ನೆತ್ತಿ ತಟ್ಟಿದೆವು. "ನೆತ್ತಿಗೆ ಹತ್ತೇತ್ರಿ ಅಜ್ಜೀ, ಯಾರೋ ನೆನಸ್ಲಿಕತ್ತಾರ!" ಅಂದರು ಪಂಕ್ತಿಯವರು. ಅಷ್ಟಕ್ಕೇ ಬಿಟ್ಟರೇ? ಒಬ್ಬೊಬ್ಬರ ಹೆಸರು ಕೂಗಿದರು. ಯಾರ ಹೆಸರಿಗೆ ಕೆಮ್ಮು ನಿಂತಿತೋ ಅವರೇ ನೆನೆಸಿದವರು. "ಗದಗಿನ ಶಿವಕ್ಕಾ? ನಿಮ್ಮ ತಂಗೀ? ಸತ್ತ ಯಜಮಾನ್ರೇನ್ರೀ ಮತ್ತ?" ನೀನು ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮುತ್ತ ನಗುತ್ತಿದ್ದೆ, ನಾವೂ ನಗುತ್ತಿದ್ದೆವು. ಆರು ತಿಂಗಳು, ಅತ್ಯಾ. ಆರು ತಿಂಗಳು ಊಟ ಊಟಕ್ಕೂ ಈ ಆಟ ಆಡಿದೆವು. ಒಬ್ಬರಿಗಾದರೂ ಇದು ಬೇನೆ ಅಂತ ಹೊಳೆಯಲಿಲ್ಲ. ಇದನ್ನು ಬರೆಯುವಾಗ ನನ್ನ ಕೈಗೇ ಒಂದು ಏಟು ಹಾಕಬೇಕು ಅನಿಸುತ್ತದೆ.

ಒಂದು ಮುಂಜಾನೆ ನೀನು ನನ್ನನ್ನು ನೋಡಿ, "ಎಷ್ಟ ಮಂದಿ ಕೂತಾರ? ಹಿಟ್ಟ ಸಾಲ್ತದಿಲ್ಲೋ?" ಅಂದೆ. ಒಲೆ ಇನ್ನೂ ಹಚ್ಚಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆಮೇಲೆ ಮಲಗಿದವಳು ಮಧ್ಯಾಹ್ನವಾದರೂ ಏಳಲಿಲ್ಲ. ನಾನು ನಿನ್ನ ಹಣೆ ಮುಟ್ಟಿದೆ. ತಂಪು. ಮತ್ತೆ ಮುಟ್ಟಿದೆ. ತಂಪೇ. ಚಾಕಣದಲ್ಲಿದ್ದ ಬಸುಗೆ ಫೋನಿನಲ್ಲಿ, "ಜ್ವರ ಇಲ್ಲೋ, ದಣದಾಳ ಅಷ್ಟ, ಆರಾಮ ಅದಾಳ" ಅಂದೆ. ಹಾಗೆ ಎರಡು ದಿನ ಕಳೆದೆ. ಮೂರನೆಯ ದಿನ ಡಾಕ್ಟರ್‌ಬಾಯಿ ಬಂದು ಹಣೆ ಮುಟ್ಟಲೇ ಇಲ್ಲ. ಗಡಿಯಾರ ಕೈಯಲ್ಲಿ ಹಿಡಿದು ಪೂರಾ ಒಂದು ನಿಮಿಷ ನಿನ್ನ ಎದೆ ಏಳುವುದು, ಇಳಿಯುವುದನ್ನೇ ನೋಡುತ್ತ ಕೂತರು. ಉಸಿರು ಮೂವತ್ತನ್ನು ದಾಟಿತ್ತು. "ತಾಈ, ನ್ಯುಮೋನಿಯಾ ಆಹೇ" ಅಂದರು.

ಜ್ವರ ಇಲ್ಲವಲ್ಲ ಎಂದು ನಾನು ಅವರ ಜೊತೆ ಜಗಳಕ್ಕೇ ನಿಂತೆ. ಅವರು ಸಮಾಧಾನವಾಗಿ ಮರಾಠಿಯಲ್ಲಿ ತಿಳಿಸಿದರು: ಹರೆಯದವರ ಮೈ ಬೇನೆ ಬಂದರೆ ಕುದಿಯುತ್ತದೆ, ಮುದುಕರ ಮೈಗೆ ಕುದಿಯುವಷ್ಟು ಕಸುವು ಇರಬೇಕಲ್ಲ. ಎಷ್ಟೋ ಸಲ ಜ್ವರವೂ ಬರುವುದಿಲ್ಲ, ಕೆಮ್ಮೂ ಕಾಣುವುದಿಲ್ಲ. ಬರೀ ಮಂಪರು, ಮಾತಿನಲ್ಲಿ ಗೊಂದಲ, ಊಟ ಒಲ್ಲೆ ಅನ್ನುವುದು, ಉಸಿರಿನ ಅವಸರ. ನಾನು ನೋಡಬೇಕಾದ ನಾಲ್ಕನ್ನು ಬಿಟ್ಟು ಐದನೆಯದರ ಮೇಲೆ ಕೈಯಿಟ್ಟು ಕೂತಿದ್ದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನಿನ್ನ ಬಲಗಡೆಯ ಪುಪ್ಪುಸದ ಕೆಳಭಾಗ ತೋರಿಸಿದರು. ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. "ಉಣ್ಣುವಾಗ ಕೆಮ್ಮುತ್ತಿದ್ದರೇ?" ಎಂದು ಕೇಳಿದರು. ಆರು ತಿಂಗಳಿಂದ ಅಂದೆ. ಅವರು ಬಿಡಿಸಿ ಹೇಳಿದರು: ಗಂಟಲಲ್ಲಿ ಎರಡು ದಾರಿ, ಒಂದು ಅನ್ನಕ್ಕೆ, ಒಂದು ಉಸಿರಿಗೆ. ನುಂಗುವಾಗ ಉಸಿರಿನ ದಾರಿಗೆ ಬಾಗಿಲು ಬೀಳಬೇಕು. ವಯಸ್ಸಾದಂತೆ ಆ ಬಾಗಿಲು ತಡ ಮಾಡುತ್ತದೆ. ತಡವಾದಾಗ ತೆಳ್ಳಗಿನದು ಮೊದಲು ನುಗ್ಗುತ್ತದೆ: ನೀರು, ಸಾರು, ಮಜ್ಜಿಗೆ, ಚಹಾ. ಬಾಯಿಯ ಹೊಲಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆ ಕೆಮ್ಮು ನಿನ್ನ ಮೈ ಕೂಗಿ ಕೂಗಿ ಹೇಳುತ್ತಿದ್ದ ಮಾತು. ನಾವು ಅದಕ್ಕೆ ಗದಗಿನ ಶಿವಕ್ಕನ ಹೆಸರಿಟ್ಟಿದ್ದೆವು.

ನಾಲ್ಕು ದಿನಕ್ಕೆ ನೀನು ಮನೆಗೆ ಬಂದೆ, ನಮ್ಮ ಯುದ್ಧ ಶುರುವಾಯಿತು. ಗೋಡೆಗೆ ಕಾಗದ ಅಂಟಿಸಿದೆ: ನೆಟ್ಟಗೆ ಕೂರಬೇಕು, ಗದ್ದ ಕೆಳಗಿರಬೇಕು, ಅರ್ಧ ಚಮಚ, ಉಂಡ ಮೇಲೆ ಅರ್ಧ ತಾಸು ಮಲಗುವಂತಿಲ್ಲ, ದಿನಕ್ಕೆ ಮೂರು ಸಲ ಬಾಯಿ ತೊಳೆಯಬೇಕು, ನೀರಿಗೂ ಪುಡಿ ಬೆರೆಸಿ ಗಟ್ಟಿ ಮಾಡಬೇಕು. ಮೊದಲ ಚಮಚ ಬಾಯಿಗಿಟ್ಟಾಗ ನಿನ್ನ ಮುಖ ನೋಡಬೇಕಿತ್ತು! "ಇದೇನ ನೀರೋ, ಪೋಸ್ಟ್ ಹಚ್ಚೂ ಗೋಂದೋ? ಊರಿಗೆಲ್ಲಾ ಉಣಿಸಿದಾಕಿ ನಾ. ನನಗ ಗೋಂದ ತಿನ್ನಸ್ತಿ, ಹಲ್ಕಟ್ ಹುಡುಗಿ?" ಐವತ್ತೆರಡು ವರ್ಷದ ನಾನು ಹುಡುಗಿ! "ಬೈ ಅತ್ಯಾ, ಎಷ್ಟ ಬೇಕಾದ್ರೂ ಬೈ, ಗದ್ದ ಮಾತ್ರ ಕೆಳಗ ಇಟ್ಟ ಬೈ" ಅನ್ನುತ್ತಿದ್ದೆ. ನಾನು ಸೋಲಲಿಲ್ಲ. ಎರಡೂವರೆ ತಿಂಗಳು ಒಂದು ತೊಟ್ಟು ತೆಳ್ಳಗಿನದು ನಿನ್ನ ಗಂಟಲಿಗೆ ಇಳಿಯಗೊಡಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ನಾನು ನನಗಾಗಿ ಶುಂಠಿ ಚಹಾ ಕುದಿಸುತ್ತಿದ್ದೆ. ನೀನು ಬೈಯಲಿಲ್ಲ. ಬೈದಿದ್ದರೆ ನಾನೇ ಗೆಲ್ಲುತ್ತಿದ್ದೆ. ಮೆಲ್ಲಗೆ, ನನ್ನ ಕೈ ಹಿಡಿದು, "ಸುನಂದಾ, ಬಸಿಯಾಗ ಹಾಕ್ಕೊಡವಾ. ತೆಳ್ಳಂದು. ಒಂದ ಮೂರ ಗುಟುಕ" ಅಂದೆ. ನನ್ನ ಜನ್ಮದಲ್ಲಿ ನೀನು ನನ್ನನ್ನು ಏನಾದರೂ ಬೇಡಿದ್ದೆಯಾ? ಕೊಟ್ಟೆ. ಸಾಸರಿಗೆ ಸುರಿದು, ಮೂರೇ ಗುಟುಕು. ಎರಡನೆಯದಕ್ಕೆ ಕೆಮ್ಮಿದೆ, ಆದರೂ ಮೂರನೆಯದನ್ನು ಬಿಡಲಿಲ್ಲ. ಕಣ್ಣು ಮುಚ್ಚಿ "ಆಹಾ" ಅಂದೆ. ಆಮೇಲೆ, "ಬಸೂಗ ಹೇಳಬ್ಯಾಡ" ಅಂದೆ. ಮಂಗಳವಾರ ನಿನಗೆ ಮತ್ತೆ ಮಂಪರು ಹತ್ತಿತು.

ಈ ಸಲ ನಾನು ಹಣೆ ಮುಟ್ಟಲಿಲ್ಲ, ಉಸಿರು ಎಣಿಸಿದೆ. ಎಣಿಸಿದ ಕೂಡಲೇ ತಿಳಿಯಿತು. ಬಸು ಚಾಕಣದ ಕಾರ್ಖಾನೆಯಿಂದ ಯೂನಿಫಾರ್ಮಿನಲ್ಲೇ ಓಡಿಬಂದ. "ಐಸಿಯು ಇರ್ಲಿ, ಮಶೀನ್ ಇರ್ಲಿ, ಮೂಗಿನಾಗ ನಳಿಗಿ ಹಾಕ್ರಿ, ಏನಾರ ಮಾಡ್ರಿ" ಎಂದು ಡಾಕ್ಟರ್‌ಬಾಯಿಯ ಮುಂದೆ ಕೂಗಾಡಿದ. ಅವರು ನಿನ್ನ ಪಕ್ಕದಲ್ಲೇ ಕೂತು ಹೇಳಿದರು, ಇದು ಬಾಗಿಲು ಮುರಿದ ಮನೆ, ಒಬ್ಬ ಕಳ್ಳನನ್ನು ಹಿಡಿದು ಹೊರಗೆ ಹಾಕಬಹುದು, ಬಾಗಿಲು ಮಾತ್ರ ಇನ್ನು ಕೂರುವುದಿಲ್ಲ. ನ್ಯುಮೋನಿಯಾ ಹೊರಗಿನಿಂದ ಬಂದು ನಿನ್ನನ್ನು ಕೆಡವುತ್ತಿಲ್ಲ, ನೀನು ಇಳಿಯುತ್ತಿರುವುದರಿಂದ ಅದು ಬರುತ್ತಿದೆ. ಆಗ ನೀನು ಕಣ್ಣು ತೆರೆದೆ. "ಒಯ್ಯಬ್ಯಾಡ್ರಿ ನನ್ನ" ಅಂದೆ. ಮಂಪರು ಹತ್ತಿದ ಮೇಲೆ ಅಷ್ಟು ಸ್ಪಷ್ಟವಾಗಿ ನೀನು ಮಾತಾಡಿರಲಿಲ್ಲ. ಬಸು ಗೋಡೆ ಕಡೆ ಮುಖ ಮಾಡಿ ನಿಂತ. ನಾನು, "ಆತು. ಇಲ್ಲೇ ಇರ್ತಾಳ" ಅಂದೆ.

ಆ ಮೂರು ದಿನ ನಿನ್ನ ತಲೆಯ ಕೆಳಗೆ ದಿಂಬು ಏರಿಸಿಟ್ಟೆ, ಕಿಟಕಿ ತೆರೆದಿಟ್ಟೆ, ಉಸಿರಿನ ಸಂಕಟಕ್ಕೆ ಕೊಟ್ಟ ಔಷಧಿಯನ್ನು ಹೊತ್ತು ಹೊತ್ತಿಗೆ ಹಾಕಿದೆ, ಒದ್ದೆ ಹತ್ತಿಯಿಂದ ತುಟಿ ಒರೆಸಿದೆ. ಉಣಿಸಲಿಲ್ಲ. ಓಣಿಯ ಹೆಂಗಸರು ಅಂಬಲಿ ತಂದರು, ತೀರ್ಥ ತಂದರು, "ಅಯ್ಯ, ಖಾನಾವಳಿ ನಡಸಿದಾಕಿ ಉಪಾಸ ಸಾಯಬೇಕೇನ್ರೀ?" ಎಂದು ಕಣ್ಣೀರು ತೆಗೆದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಉಣ್ಣದ್ದಕ್ಕೆ ನೀನು ಹೋಗುತ್ತಿಲ್ಲ, ಹೋಗುತ್ತಿರುವುದಕ್ಕೆ ಉಣ್ಣುತ್ತಿಲ್ಲ ಎಂದು ಅವರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಹೇಳುವಾಗೆಲ್ಲ ಆ ಮೂರು ಗುಟುಕು ನೆನಪಿಗೆ ಬರುತ್ತಿತ್ತು. ಶುಕ್ರವಾರ ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ನಿನ್ನ ಉಸಿರು ನಿಂತು ನಿಂತು ಬಂತು. ಆಮೇಲೆ ನಿಂತಿತು. ಸಂಕಟಪಡಲಿಲ್ಲ ನೀನು, ನಾನು ನೋಡಿದ್ದೇನೆ, ಆಣೆ ಮಾಡಿ ಹೇಳುತ್ತೇನೆ.

ನಿನಗೆ ಮಣ್ಣು ಕೊಟ್ಟು ಬಂದ ಬಸು ಅಂಗಳದಲ್ಲಿ ನನಗೆ, "ನಿನ್ನ ಕೈಯಾಗ ಬಿಟ್ಟಿದ್ದೆ ನಾ ಆಕೀನ್ನ" ಅಂದ. ಬೇರೆ ಯಾವ ಮಾತಿಗಾದರೂ ತಿರುಗಿ ನಾಲ್ಕು ಕೊಡುತ್ತಿದ್ದೆ, ನಿನಗೆ ಗೊತ್ತಲ್ಲ ನನ್ನ ಬಾಯಿ. ಅವತ್ತು ಬೆನ್ನು ತಿರುಗಿಸಿ ಒಳಗೆ ಹೋದೆ. ಸೊಕ್ಕು ಅಂದುಕೊಂಡ. ಅವತ್ತಿನಿಂದ ಅವನು ಬರಲಿಲ್ಲ, ನಾನು ಕರೆಯಲಿಲ್ಲ.

ಹೋದ ತಿಂಗಳು ಡಾಕ್ಟರ್‌ಬಾಯಿಯ ಮುಂದೆ ಹೋಗಿ ಕೂತು ಹೇಳಿಬಿಟ್ಟೆ. ಚಹಾ ಕೊಟ್ಟೆ, ಅದರಿಂದ ಸತ್ತಳೇ, ಸುಳ್ಳು ಹೇಳಬೇಡಿ, ಸಮಾಧಾನ ನನಗೆ ಬೇಕಿಲ್ಲ. ಅವರು ಸುಳ್ಳು ಹೇಳಲಿಲ್ಲ. "ಇರಬಹುದು. ಇಲ್ಲದೆಯೂ ಇರಬಹುದು" ಅಂದರು. ಮಲಗಿದಾಗ ನಿನ್ನ ಉಗುಳೇ ಆ ದಾರಿಗೆ ಇಳಿಯುತ್ತಿತ್ತಂತೆ, ಪ್ರತಿದಿನ, ಹನಿ ಹನಿಯಾಗಿ. ಅದಕ್ಕೆ ಯಾರು ಪುಡಿ ಬೆರೆಸಲಿ? ಉಗುಳನ್ನು ನಿನಗೆ ಯಾರೂ ಬಸಿಯಲ್ಲಿ ಹಾಕಿ ಕೊಟ್ಟಿರಲಿಲ್ಲವಲ್ಲ. ನಾನು ಮನೆಗೆ ಬಂದು ಬಚ್ಚಲಲ್ಲಿ ನಳ ಬಿಟ್ಟು ಜೋರಾಗಿ ಅತ್ತೆ. ಮರುದಿನ ಪಂಕ್ತಿಯ ಮುಂದೆ ನಿಂತು, "ನಿಮ್ಮ ಊರಾಗ ಅವ್ವಾ ಅಪ್ಪಾ ಉಣ್ಣಾಗ ಕೆಮ್ಮಿದ್ರ ಹೆಸರ ಕೂಗಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ" ಅಂದೆ. ಈಗ ಹೊಸಬರು ಯಾರು ಬಂದರೂ ಮೊದಲ ಊಟಕ್ಕೆ ಇದನ್ನು ಹೇಳಿಯೇ ಬಡಿಸುತ್ತೇನೆ. ಕೆಲವರಿಗೆ ನಗು ಬರುತ್ತದೆ. ಬರಲಿ.

ಮೊನ್ನೆ ಚಾಕಣದ ಬಸ್ಸು ಹತ್ತಿ, ಬಸು ಕೆಲಸ ಮಾಡುವ ಕಾರ್ಖಾನೆಯ ಗೇಟಿನ ಮುಂದೆ ಬಿಸಿಲಲ್ಲಿ ನಿಂತೆ. ಪಾಳಿ ಬಿಟ್ಟಿತು. ನನ್ನನ್ನು ಕಂಡು ಗಾಬರಿಯಾದ, ಯಾರೋ ಸತ್ತಿದ್ದಾರೆ ಅಂದುಕೊಂಡ. ನಾನು ಆರಾಮ ಕೂಡ ಕೇಳಲಿಲ್ಲ. "ಬಸೂ, ನಾ ಆಕಿಗೆ ಚಹಾ ಕೊಟ್ಟಿದ್ನೋ. ಪುಡಿ ಹಾಕಿರ್ಲಿಲ್ಲ. ಮೂರ ಗುಟುಕ. ಬೇನಿ ಬರೂಕಿಂತ ಮದಲ, ಶುಕ್ರವಾರ" ಅಂದೆ.

ಅವನು ಊಟದ ಡಬ್ಬಿ ಕೆಳಗಿಟ್ಟ. ಬೈಯುತ್ತಾನೆ, ಬೈಯಲಿ ಎಂದು ಕಾದೆ. "ನಾ ರವಿವಾರ ಬಂದಾಗ ಕೊಟ್ಟೆ" ಅಂದ. "ನೀ ಕಾಯಿಪಲ್ಯಾಕ್ಕ ಹೋಗಿದ್ದಿ. ಪೂರಾ ಒಂದ ಕಪ್ಪ. ಸುನಂದಾಗ ಹೇಳಬ್ಯಾಡ, ಮನಿ ಬಿಟ್ಟ ಹೊರಗ ಹಾಕ್ತಾಳ ಅಂದ್ಲು."

ಅಯ್ಯೋ ಕಳ್ಳೀ! ಇಬ್ಬರ ಬಾಯಿಗೂ ಬೀಗ ಹಾಕಿ, ಬೀಗದಕೈ ಜೊತೆಗೇ ಒಯ್ದೆಯಲ್ಲ! ಹನ್ನೊಂದು ತಿಂಗಳು ನಾನು ಖಡಕಿಯಲ್ಲಿ ಕೊಲೆಗಾರ್ತಿ, ಅವನು ಚಾಕಣದಲ್ಲಿ ಕೊಲೆಗಾರ. ಗೇಟಿನ ಮುಂದೆ ಅಷ್ಟು ಮಂದಿಯ ನಡುವೆ ನಾವಿಬ್ಬರೂ ನಕ್ಕೆವು, ವಾಚ್‌ಮನ್ ಎದ್ದು ನೋಡುವಷ್ಟು ನಕ್ಕೆವು. ನಗುತ್ತ ನಗುತ್ತಲೇ ಬಸು ಅಳತೊಡಗಿದ. ಡಾಕ್ಟರ್‌ಬಾಯಿ ಹೇಳಿದ ಉಗುಳಿನ ಮಾತನ್ನು ಅವನಿಗೂ ಹೇಳಿದೆ. "ನಿಂದ ತಪ್ಪಲ್ಲೋ, ನಂದೂ ಅಲ್ಲ, ಇನ್ನ ಅಳಬ್ಯಾಡ" ಅಂದೆ. ಅವನು ತಲೆ ಅಲ್ಲಾಡಿಸಿದ.

"ಕೊಟ್ಟಿದ್ದಕ್ಕ ಅಳೂದಿಲ್ಲ ನಾ" ಅಂದ. "ಕುಡದು ಮುಗಿಸಿ, ಇನ್ನೊಂದ ಕಪ್ಪ ಕೊಡೋ ಅಂದ್ಲು. ನಾ ಬ್ಯಾಡ ಅಂದೆ."

ಅತ್ಯಾ, ಬರುವ ತಿಂಗಳು ನಿನ್ನ ವರ್ಷದ ಪೂಜೆ. ಅಡಿಗೆ ನನ್ನದು, ಎಡೆಗೆ ಇಡುವ ಚಹಾ ಬಸುವಿನದು, ಅವನೇ ಬಂದು ಕುದಿಸುತ್ತಾನೆ. ಶುಂಠಿ ಹಾಕಿ, ತೆಳ್ಳಗೆ, ಎರಡು ಕಪ್ಪು.

ನಿನ್ನ,
ಸುನಂದಾ