ಒಲೆಯ ಪಕ್ಕದ ಉಪ್ಪು

ಭಾನುವಾರ, ಮಾರ್ಚ್ ೧೪
ಬೆಳಗ್ಗೆ ಎಂಟು ಗಂಟೆ

ಪ್ರೀತಿಯ ಬನ್ನು,

ಈ ಕಾಗದವನ್ನು ಮುಂದೆ ಓದುವ ಮೊದಲು ಎದ್ದು ಅಡುಗೆಮನೆಗೆ ಹೋಗು. ಒಲೆಯ ಪಕ್ಕದಲ್ಲಿರುವ ಉಪ್ಪಿನ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದು ಬಾ. ಬೀರುವಿನಲ್ಲಿ ಅದೇ ಉಪ್ಪಿನ ಇನ್ನೊಂದು ಪೊಟ್ಟಣ ಇದ್ದರೆ ಅದನ್ನೂ ಹಾಕು. ಅಳಿಯಂದಿರು ಯಾಕೆ ಎಂದು ಕೇಳಿದರೆ ಅಮ್ಮನಿಗೆ ತಲೆ ಕೆಟ್ಟಿದೆ ಎಂದುಬಿಡು, ಅವರು ನಂಬುತ್ತಾರೆ.

ಸುರಿದೆಯಾ? ಇನ್ನು ಕೂತು ಓದು.

ನಿನ್ನೆ ಮಧ್ಯಾಹ್ನ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಲೆಟರ್ ಪ್ಯಾಡಿನ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಹಳೇ ಅಭ್ಯಾಸ. ಕಿಡ್ನಿಗಳು ಅರ್ಧದಷ್ಟೇ ಕೆಲಸ ಮಾಡುತ್ತಿವೆ, ಬಿಪಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಡಾಕ್ಟರಿಗೆ ನೀನು ಹೆಮ್ಮೆಯಿಂದ, ನಮ್ಮನೇಲಿ ಮೊದಲಿಂದ್ಲೂ ಉಪ್ಪು ಕಡಿಮೆನೇ, ನಮ್ಮಮ್ಮ ಡಯಟೀಷಿಯನ್ ಅಂದೆಯಂತೆ. ಅವರು ಸಮಾಧಾನದಿಂದ ತಲೆಯಾಡಿಸಿದರಂತೆ. ಇಷ್ಟು ಹೇಳಿದ ಮೇಲೆ ನೀನು ನಗುತ್ತಾ, ಈಗೀಗ ಇವರೂ ಅಪ್ಪನ ಥರಾನೇ ಉಪ್ಪು ಕಹಿ ಉಪ್ಪು ಕಹಿ ಅಂತ ಗೊಣಗ್ತಾರಮ್ಮಾ ಎಂದೆ.

ಆ ಉಪ್ಪು ಬಿಟ್ಟುಬಿಡು ಎಂದೆ ನಾನು. ಯಾಕೆ, ನೀನೇ ಅಲ್ವಾ ಕಲಿಸಿದ್ದು ಎಂದು ನೀನು ಕೇಳಿದೆ. ಲೈನು ಸರಿಯಿಲ್ಲ ಎಂದು ನಾನು ಫೋನಿಟ್ಟುಬಿಟ್ಟೆ. ಲೈನು ಚೆನ್ನಾಗಿಯೇ ಇತ್ತು. ಇವತ್ತು ಬೆಳಗ್ಗೆ ಆರಕ್ಕೆ ನಾನೇ ಮತ್ತೆ ಫೋನ್ ಮಾಡಿ, ಈಗಲೇ ಹೋಗಿ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡಿಸು ಎಂದೆ. ಭಾನುವಾರ ಯಾರಮ್ಮಾ ಇರ್ತಾರೆ, ನಾಳೆ ನೋಡೋಣ ಎಂದೆ ನೀನು. ಕಾರಣ ಹೇಳದಿದ್ದರೆ ಒಂದು ಲೋಟವನ್ನೂ ಎತ್ತಿಡುವವಳಲ್ಲ ನೀನು. ಕಾರಣ ಹೇಳಲೆಂದು ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅಳಿಯಂದಿರ ಆರೋಗ್ಯ ವಿಚಾರಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಚಿಕ್ಕಪ್ಪ ಹತ್ತು ಗಂಟೆಯ ಬಸ್ಸಿಗೆ ಹೊರಟು ಮಧ್ಯಾಹ್ನದೊಳಗೆ ನಿನ್ನ ಮನೆ ಮುಟ್ಟುತ್ತಾರೆ. ಫೋನಿರೋ ಕಾಲದಲ್ಲಿ ಕಾಗದ ಯಾಕೆ ಅತ್ತಿಗೆ ಎಂದು ಅವರು ಕೇಳಿದರು. ಹೆಂಗಸರ ವಿಷಯ ಎಂದೆ. ಗಂಡಸರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಮಾತಿಲ್ಲ.

ನಿನಗೆ ನೆನಪಿದೆ, ನಮ್ಮ ಮನೆಯಲ್ಲಿ ಎರಡು ಸರ್ಕಾರಗಳಿದ್ದವು. ಮೇಲಿನ ಮಹಡಿಯಲ್ಲಿ ನಾನು, ಆಸ್ಪತ್ರೆಯ ಆಹಾರ ವಿಭಾಗದ ಮುಖ್ಯಸ್ಥೆ. ಕೆಳಗೆ ನಿಮ್ಮಪ್ಪನ ಬೇಕರಿ. ಬೆಳಗ್ಗೆ ನಾನು ಬಿಳಿ ಬ್ರೆಡ್ಡು, ಬೆಣ್ಣೆ ಬಿಸ್ಕತ್ತು ಮುಟ್ಟಬೇಡಿ ಎಂದು ಬುದ್ಧಿ ಹೇಳಿ ಕಳಿಸಿದವರೇ ಸಂಜೆ ಅವರ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತಿರುತ್ತಿದ್ದರು. ನಾನು ಮೆಟ್ಟಿಲಿಳಿದು ಬರುವುದು ಕಂಡರೆ ಪೊಟ್ಟಣ ಬೆನ್ನ ಹಿಂದೆ ಹೋಗುತ್ತಿತ್ತು. ಗಿರಾಕಿಗಳನ್ನ ಹೆದರಿಸ್ಬೇಡ ಕಣೇ, ನಿನ್ನ ರೋಗಿಗಳೇ ನನ್ನ ಅನ್ನ ಎಂದು ನಿಮ್ಮಪ್ಪ ರೇಗಿಸುತ್ತಿದ್ದರು. ನಿನಗೆ ಬನ್ನು ಎಂದು ಹೆಸರಿಟ್ಟು ಕರೆದದ್ದೂ ನನ್ನನ್ನು ರೇಗಿಸಲಿಕ್ಕೇ.

ಅವರ ನಾಲಿಗೆ ಎಂಥದ್ದು ಎನ್ನುವುದು ನಿನಗೆ ಹೇಳಬೇಕಾಗಿಲ್ಲ. ನಾದಿದ ಹಿಟ್ಟಿನಿಂದ ಕಡಲೆ ಕಾಳಿನಷ್ಟು ಚಿವುಟಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಚ್ ಎಂದು ಒಂದು ಸಣ್ಣ ಸದ್ದು ಮಾಡಿ, ಉಪ್ಪು ಅರ್ಧ ಚಮಚ ಕಡಿಮೆ ಎನ್ನುತ್ತಿದ್ದರು. ತೂಗಿ ನೋಡಿದರೆ ಅಷ್ಟೇ ಕಡಿಮೆ ಇರುತ್ತಿತ್ತು.

ಅವರಿಗೆ ಬಿಪಿ ಶುರುವಾದಾಗ ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ದನ್ನು ಇನ್ನು ಮನೆಯಲ್ಲೂ ಮಾಡಿ ತೋರಿಸಬಹುದು ಎನಿಸಿತು. ಮಾಮೂಲಿ ಉಪ್ಪಿನಲ್ಲಿರುವುದು ಸೋಡಿಯಂ. ಕಡಿಮೆ ಸೋಡಿಯಂ ಉಪ್ಪು ಎಂದು ಸಿಗುತ್ತದಲ್ಲ, ಅದರಲ್ಲಿ ಸೋಡಿಯಮ್ಮಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಹೆಚ್ಚಿನ ಜನರಿಗೆ ಅದು ಒಳ್ಳೆಯದೇ, ಬಿಪಿ ಇಳಿಯುತ್ತದೆ. ಆ ಮಾತನ್ನು ಈಗಲೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಮೈಗೆ ಹೆಚ್ಚಾದ ಪೊಟ್ಯಾಸಿಯಂ ಹೊರಗೆ ಹೋಗಬೇಕಾದದ್ದು ಕಿಡ್ನಿಯಿಂದ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಉಳಿಯುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ನಿನ್ನದು ಅಂಥ ಮಾತ್ರೆ, ನಿಮ್ಮಪ್ಪನದೂ ಅಂಥದ್ದೇ ಆಗಿತ್ತು. ರಕ್ತದಲ್ಲಿ ಅದು ಏರಿದರೆ ಮೊದಲು ಕೈಕಾಲಿನ ಬಲ ಹೋಗುತ್ತದೆ, ಆಮೇಲೆ ಹೃದಯ ತಾಳ ತಪ್ಪುತ್ತದೆ.

ನಾನು ಆ ಉಪ್ಪನ್ನು ತಂದು ಯಾರಿಗೂ ಹೇಳದೆ ಹಳೇ ಡಬ್ಬಿಗೆ ಸುರಿದೆ.

ಹೇಳದೇ ಇದ್ದದ್ದಕ್ಕೆ ಕಾರಣವಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ನಾನು ಕಂಡುಕೊಂಡ ಉಪಾಯ ಅದು. ರೋಗಿಗೆ ಇದು ಪಥ್ಯದ ಸಾರು ಎಂದು ಹೇಳಿ ಬಡಿಸಿದರೆ ಮೊದಲ ತುತ್ತಿಗೇ ಮುಖ ಸಿಂಡರಿಸುತ್ತಾನೆ. ಏನೂ ಹೇಳದೆ ಬಡಿಸಿದರೆ ತಟ್ಟೆ ಖಾಲಿ ಮಾಡುತ್ತಾನೆ. ಟ್ರೈನಿಂಗಿಗೆ ಬಂದ ಹುಡುಗಿಯರಿಗೆ ಪ್ರತಿ ವರ್ಷ ಇದನ್ನೇ ಪಾಠ ಮಾಡಿದ್ದೇನೆ. ಅವರು ಬರೆದುಕೊಂಡಿದ್ದಾರೆ. ಈಗ ಎಲ್ಲೆಲ್ಲಿ ಯಾರ್‍ಯಾರಿಗೆ ಹೇಳದೆ ಬಡಿಸುತ್ತಿದ್ದಾರೋ ಎಂದು ನೆನೆಸಿಕೊಂಡರೆ ಕೂತಲ್ಲೇ ಬೆವರುತ್ತೇನೆ.

ಮೊದಲ ದಿನವೇ ನಿಮ್ಮಪ್ಪ ತಟ್ಟೆಯಿಂದ ತಲೆಯೆತ್ತಿ, ಇವತ್ತು ಉಪ್ಪು ಕಹಿ ಇದೆಯಲ್ಲಾ ಎಂದರು. ಮಾತ್ರೆ ತಗೊಂಡ್ರೆ ನಾಲಿಗೆ ಹಾಗೇ ಆಗುತ್ತೆ ಎಂದೆ. ಒಂದು ವಾರ ಬಿಟ್ಟು, ಅಂಗಡೀಲಿ ಸರಿಯಾಗೇ ಇರುತ್ತೆ ಕಣೇ, ಮನೇಲಿ ಮಾತ್ರ ಕಹಿ ಎಂದರು. ಆ ದಿನ ನೀನೂ ಇದ್ದೆ, ಚಿಕ್ಕಪ್ಪನೂ ಇದ್ದರು. ಮನೆಗೆ ಬಂದ್ರೆ ನಿಮಗೆ ಎಲ್ಲಾ ಕಹಿನೇ ಬಿಡಿ ಎಂದೆ ನಾನು. ಚಿಕ್ಕಪ್ಪ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ನಿಮ್ಮಪ್ಪನೂ ನಕ್ಕರು. ಅವರು ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕದ್ದು ನನಗೆ ಕಾಣಿಸಿತ್ತು.

ಆಮೇಲೆ ಅವರು ಆ ಮಾತೆತ್ತಲಿಲ್ಲ. ಒಂದು ಬೆಳಗ್ಗೆ ಕೆಳಗಿಳಿದಾಗ ನೋಡುತ್ತೇನೆ, ಹಿಟ್ಟು ನಾದುವವನ ಕೈಗೇ ಚಿವುಟಿ ಕೊಟ್ಟು, ನೀನೇ ನೋಡಪ್ಪಾ, ನನ್ನ ನಾಲಿಗೆ ಕೆಟ್ಟು ಹೋಗಿದೆ ಎನ್ನುತ್ತಿದ್ದಾರೆ. ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ನಲವತ್ತು ವರ್ಷ ಯಾರ ಮಾತಿಗೂ ಸೊಪ್ಪು ಹಾಕದ ನಾಲಿಗೆ ಅದು, ನನ್ನ ಮಾತು ನಂಬಿ ಸೋತಿತ್ತು. ಅಲ್ಲೇ ನಿಂತು, ಇಲ್ಲಾರೀ, ನಿಮ್ಮ ನಾಲಿಗೆ ಸರಿಯಾಗಿದೆ, ನಾನೇ ಉಪ್ಪು ಬದಲಾಯಿಸಿದ್ದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವತ್ತೇ ಅವರ ಬಿಪಿ ಎಂಟು ಅಂಕ ಇಳಿದಿತ್ತು. ನಾನು ಚೀಟಿ ನೋಡಿ ಖುಷಿಪಟ್ಟು ಆಸ್ಪತ್ರೆಗೆ ಹೋದೆ.

ಇನ್ನೊಂದು ದಿನ ಬಟ್ಟೆ ಒಗೆಯಲು ಹಾಕುವಾಗ ಅವರ ಅಂಗಿಯ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಅಂಗಡಿಯ ಉಪ್ಪು. ಕಳ್ಳ ಸಿಕ್ಕಿಬಿದ್ದ ಎಂದು ಕೂಗಿ ಅವರ ಕಣ್ಣೆದುರೇ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಅವರು ಜಗಳವಾಡಲಿಲ್ಲ. ಜಾಸ್ತಿ ಅಲ್ವೇ, ಒಂದು ಚಿಟಿಕೆ, ಊಟಕ್ಕೆ ಊಟದ ರುಚಿ ಬರುತ್ತೆ ಅಂತ ಎಂದರು. ಅರವತ್ತೊಂದು ವರ್ಷದ ಮನುಷ್ಯ ಶಾಲೆಯ ಮಗುವಿನ ಹಾಗೆ ನಿಂತು ಹೇಳಿದರು.

ಉಪ್ಪೊಂದೇ ಆಗಿದ್ದರೆ ಅವರ ಮೈ ತಡೆದುಕೊಳ್ಳುತ್ತಿತ್ತೋ ಏನೋ. ಬಿಪಿಗೆ ಒಳ್ಳೆಯದು ಎಂದು ದಿನಾ ಎರಡು ಬಾಳೆಹಣ್ಣು, ಒಂದು ಲೋಟ ಕಿತ್ತಳೆ ರಸ, ಟೊಮ್ಯಾಟೋ ಸೂಪು, ಸೊಪ್ಪು. ಎಲ್ಲದರಲ್ಲೂ ಅದೇ ಪೊಟ್ಯಾಸಿಯಂ. ಅವರ ಬಿಳಿ ಬ್ರೆಡ್ಡನ್ನು ಅವರ ಕೈಯಿಂದಲೇ ಕಿತ್ತುಕೊಂಡಿದ್ದೆ. ಆ ದಿನಗಳಲ್ಲಿ ಅವರಿಗೆ ನನ್ನ ಊಟಕ್ಕಿಂತ ಆ ಬ್ರೆಡ್ಡೇ ಕಡಿಮೆ ಅಪಾಯದ್ದಾಗಿತ್ತು. ಇದನ್ನು ನಾನು ಹನ್ನೊಂದು ವರ್ಷದಲ್ಲಿ ಯಾರಿಗೂ ಹೇಳಿಲ್ಲ.

ಕೊನೆಯ ವಾರ, ಕಾಲಲ್ಲಿ ಬಲ ಇಲ್ಲ ಕಣೇ, ಮೆಟ್ಟಿಲು ಹತ್ತೋಕಾಗಲ್ಲ ಎಂದರು. ನಡೆದಾಡಿ, ಸರಿಹೋಗುತ್ತೆ ಎಂದೆ. ಶನಿವಾರ ಬೆಳಗ್ಗೆ ಹಿಟ್ಟಿನ ಮೇಜಿನ ಪಕ್ಕ ಬಿದ್ದರು. ಹೃದಯ ನಿಂತಿತು ಎಂದು ಡಾಕ್ಟರು ಬರೆದರು. ಬೇಕರಿಯವರಲ್ವಾ, ಬೆಣ್ಣೆ ಸಕ್ಕರೆ ಜಾಸ್ತಿ ಎಂದು ಬಂದವರೆಲ್ಲ ಪಿಸುಗುಟ್ಟಿದರು. ನಾನು ತಲೆತಗ್ಗಿಸಿ ಕೂತಿದ್ದೆ, ಇಲ್ಲ ಎನ್ನಲಿಲ್ಲ. ಅವರ ಕಿಡ್ನಿ ಸೋತಿತ್ತು ಎನ್ನುವುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಅವರ ಆಸ್ಪತ್ರೆ ಫೈಲು ಕೈಗೆ ಬಂದಾಗ.

ನೀನು ನಿನ್ನ ಮನೆ ಕಟ್ಟಿಕೊಂಡಾಗ, ನಮ್ಮ ಬೀರುವಿನಲ್ಲಿ ಉಳಿದಿದ್ದ ಪೊಟ್ಟಣ ಕಂಡು ಅದೇ ಉಪ್ಪು ತರಿಸಿದೆ, ಅಮ್ಮನ ಉಪ್ಪು ಎಂದು. ನಾನು ಬೇಡ ಎಂದಿದ್ದರೆ ನೀನು ಯಾಕೆ ಎನ್ನುತ್ತಿದ್ದೆ. ನಿನಗಿನ್ನೂ ವಯಸ್ಸಿದೆ, ಕಿಡ್ನಿ ಚೆನ್ನಾಗಿದೆ, ಒಳ್ಳೆಯದೇ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಪ್ರತಿ ಸಲ ನಿನ್ನ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿಕೊಂಡೆ.

ಈ ಮನೆಯಲ್ಲಿ ಅವರು ಇನ್ನೂ ಇದ್ದಾರೆ, ಬನ್ನು. ನಗಬೇಡ. ಕೆಳಗೆ ಈಗ ಜೆರಾಕ್ಸ್ ಅಂಗಡಿ. ಭಟ್ಟಿ ಒಡೆದುಹಾಕಿ ಹತ್ತು ವರ್ಷವಾಯಿತು. ಆದರೂ ಭಟ್ಟಿಯ ಹೊಗೆಕೊಳವೆ ಹಾದುಹೋಗಿದ್ದ ನಮ್ಮ ಅಡುಗೆಮನೆಯ ಗೋಡೆಗೆ ಕೈಯಿಟ್ಟರೆ ಕೆಲವು ದಿನ ಬೆಳಗ್ಗೆ ಬೆಚ್ಚಗಿರುತ್ತದೆ. ಜೆರಾಕ್ಸ್ ಯಂತ್ರದ ಬಿಸಿ ಎಂದು ಚಿಕ್ಕಪ್ಪ ಹೇಳಿದರು. ಇರಬಹುದು. ಆದರೆ ಸಾರಿಗೆ ಉಪ್ಪು ಹಾಕಿ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುವಾಗ, ನನ್ನ ಬೆನ್ನ ಹಿಂದೆ ಚ್ ಎನ್ನುವ ಸದ್ದಿಗೆ ಯಾವ ಯಂತ್ರ ಕಾರಣ ಎಂದು ಯಾರನ್ನು ಕೇಳಲಿ? ಆಸ್ಪತ್ರೆಯ ಅಡುಗೆಮನೆಯಲ್ಲೂ ಕೇಳಿಸುತ್ತಿತ್ತು. ನಾನು ಎರಡು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡದ್ದು ಮಂಡಿನೋವಿಗೆ ಅಲ್ಲ. ಅವರು ಬೈಯುವುದಿಲ್ಲ. ರುಚಿ ನೋಡಿ ಸುಮ್ಮನೆ ನಿಲ್ಲುತ್ತಾರೆ, ನಾನು ಏನಾದರೂ ಹೇಳಲಿ ಎಂದು. ನಿನ್ನೆ ನಾನು ಫೋನಿಟ್ಟ ಮೇಲೆ ಆ ಸದ್ದು ಬಹಳ ಹತ್ತಿರದಲ್ಲಿ ಕೇಳಿಸಿತು. ಹೆದರಿ ಅತ್ತುಬಿಟ್ಟೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಇವತ್ತೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗು, ಅದು ಭಾನುವಾರವೂ ತೆರೆದಿರುತ್ತದೆ. ಹತ್ತು ವರ್ಷದಿಂದ ಪೊಟ್ಯಾಸಿಯಂ ಇರುವ ಉಪ್ಪು ತಿಂದಿದ್ದೇನೆ, ಕಿಡ್ನಿ ಅರ್ಧ ಸೋತಿದೆ, ಈ ಮಾತ್ರೆ ಶುರುವಾಗಿದೆ ಎಂದು ಮೂರನ್ನೂ ಒಟ್ಟಿಗೆ ಹೇಳು. ಮಾತ್ರೆಯನ್ನು ನೀನಾಗೇ ನಿಲ್ಲಿಸಬೇಡ, ಅವರು ಹೇಳಲಿ. ಅಲ್ಲಿಯವರೆಗೆ ಬಾಳೆಹಣ್ಣು, ಹಣ್ಣಿನ ರಸ ಬೇಡ. ಏನು ತಿನ್ನಬೇಕು ಎಂದು ಅಲ್ಲಿನ ಡಯಟೀಷಿಯನ್ನನ್ನು ಕೇಳು. ನನ್ನನ್ನು ಕೇಳಬೇಡ. ಅಳಿಯಂದಿರಿಗೆ ಅವರ ನಾಲಿಗೆ ಸರಿಯಾಗಿದೆ ಎಂದು ಈ ಹೊತ್ತೇ ಹೇಳು, ತಡಮಾಡಬೇಡ.

ನನ್ನನ್ನು ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ ಬಾ. ಆಮೇಲೆ ಬೈಯುವುದಿದ್ದರೆ ಬೈ, ಮಾತು ಬಿಡುವುದಿದ್ದರೆ ಬಿಡು. ನೀನು ಇರು, ಅಷ್ಟು ಸಾಕು.

ನಿನ್ನನ್ನು ಹೆತ್ತ, ನಿನಗೆ ಹೆದರುವ,
ಅಮ್ಮ

ಮರೆಯುವ ಮುನ್ನ: ಚಿಕ್ಕಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಲಕೋಟೆ ಅಂಟಿಸಿ, ಮತ್ತೆ ಹರಿದು ತೆರೆದೆ. ಕಿಡ್ನಿಯ ವಿಷಯ ಆಮೇಲೆ ಗೊತ್ತಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಅವರ ರಕ್ತದ ರಿಪೋರ್ಟು ಆ ಕೊನೆಯ ವಾರದ ಬುಧವಾರ ಮಧ್ಯಾಹ್ನವೇ ನನ್ನ ಟೇಬಲ್ಲಿಗೆ ಬಂದಿತ್ತು. ಕಿಡ್ನಿಯದೂ ಇತ್ತು, ಪೊಟ್ಯಾಸಿಯಮ್ಮಿನದೂ ಇತ್ತು, ಎರಡರ ಕೆಳಗೂ ಕೆಂಪು ಗೆರೆ ಎಳೆದಿದ್ದರು. ರಕ್ತ ತೆಗೆಯುವಾಗ ಕೆಟ್ಟಿರಬೇಕು, ಸೋಮವಾರ ಇನ್ನೊಮ್ಮೆ ಮಾಡೋಣ ಎಂದು ಲ್ಯಾಬಿನವರಿಗೆ ಹೇಳಿ ಕಳಿಸಿದೆ. ಹಾಗೂ ಆಗುತ್ತದೆ, ಆದರೆ ಅವತ್ತು ಆಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸಂಜೆ ಮನೆಗೆ ಬಂದು ಡಬ್ಬಿಯ ಮುಂದೆ ನಿಂತೆ. ಉಪ್ಪು ಬದಲಾಯಿಸಿದರೆ ಮೊದಲ ತುತ್ತಿಗೇ ಅವರಿಗೆ ಗೊತ್ತಾಗುತ್ತಿತ್ತು, ತಮ್ಮ ನಾಲಿಗೆ ಸರಿಯಾಗಿಯೇ ಇತ್ತು, ಸುಳ್ಳು ಹೇಳಿದವಳು ನಾನು ಎಂದು. ಅದಕ್ಕೇ ಗುರುವಾರವೂ ಅದೇ ಉಪ್ಪು ಹಾಕಿದೆ, ಶುಕ್ರವಾರವೂ ಹಾಕಿದೆ.